ಹಳೆಯ ಪ್ಲೇಟು ನಿಜವಾಗಿ ಯಾವ ಶ್ರುತಿಯಲ್ಲಿ ಹಾಡುತ್ತಿದೆ?

ಪ್ರಶ್ನೆ
ಹಾರ್ಮೋನಿಯಂ ಸಾಥಿ, ಧಾರವಾಡ

ಹಿರಿಯ ಕಿರಿಯ ಸಂಗೀತಪ್ರಿಯರೆಲ್ಲರಿಗೂ ನಮಸ್ಕಾರ. ನಾನು ಹಾರ್ಮೋನಿಯಂ ವಾದಕ. ಗಾಯಕರ ಪಕ್ಕದಲ್ಲಿ ಕುಳಿತು ಸಾಥ್ ಮಾಡುತ್ತ ಐವತ್ತು ವರ್ಷ ಕಳೆದಿದ್ದೇನೆ. ಅಷ್ಟೇ ಕಾಲದಿಂದ ಗ್ರಾಮಾಫೋನ್ ಪ್ಲೇಟುಗಳನ್ನೂ ಕೂಡಿಸುತ್ತ ಬಂದಿದ್ದೇನೆ. ಇಂದು ನನ್ನ ಮನೆಯ ನಡುಕೋಣೆಯಲ್ಲಿ ನಿಮಿಷಕ್ಕೆ 78 ಸುತ್ತಿನ ವೇಗದ ಅರಗಿನ ಪ್ಲೇಟುಗಳು ನಾನೂರರಷ್ಟೂ ವಿನೈಲ್ ಎಲ್‌ಪಿಗಳು ಇನ್ನೂರೈವತ್ತರಷ್ಟೂ ಇವೆ. ಕೇಳಬೇಕಾಗಿರುವ ಪ್ರಶ್ನೆ ಒಂದೇ ಒಂದು ಪ್ಲೇಟಿನ ಕುರಿತದ್ದು, ಆದರೆ ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು.

ಮೊದಲ ಪ್ಲೇಟನ್ನು ನಾನು ಕೊಂಡದ್ದು 1974ರಲ್ಲಿ, ಹುಬ್ಬಳ್ಳಿಯ ದುರ್ಗದ ಬೈಲಿನ ಸಮೀಪ ಹಳೆಯ ಸಾಮಾನು ಹರವಿಕೊಂಡು ಕುಳಿತಿದ್ದವರೊಬ್ಬರಿಂದ. ಭಜನೆಯ ಮೇಳವೊಂದರಲ್ಲಿ ಸಾಥ್ ಮಾಡಿದ್ದಕ್ಕೆ ಸಿಕ್ಕ ಹಣ ಜೇಬಿನಲ್ಲಿತ್ತು, ಹಿತ್ತಾಳೆಯ ಹಂಡೆಯ ಪಕ್ಕದಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿಯ ಪ್ಲೇಟು ಇತ್ತು. ಆ ಠುಮ್ರಿಯ ಪ್ಲೇಟನ್ನು ಕೇಳಿ ಭೀಮಸೇನ ಜೋಶಿಯವರು ಬಾಲ್ಯದಲ್ಲೇ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೋದ ಕಥೆಯನ್ನು ನಮ್ಮ ಭಾಗದ ಸಂಗೀತದ ಮನೆಗಳಲ್ಲಿ ಹೇಳದವರಿಲ್ಲ. ಅದನ್ನು ನುಡಿಸಲು ಆಗ ನನ್ನಲ್ಲಿ ಯಂತ್ರವೇ ಇರಲಿಲ್ಲ. ಎಂಟು ತಿಂಗಳು ಅದನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಆಗಾಗ ತೆಗೆದು ಬೆಳಕಿಗೆ ಹಿಡಿದು ಗೆರೆಗಳನ್ನು ನೋಡಿ ಮತ್ತೆ ಇಡುತ್ತಿದ್ದೆ. ಆಲಾಪ ಎಲ್ಲಿ ನಿಧಾನವಾಗಿದೆ, ತಾನು (ವೇಗದ ಸ್ವರಗಳ ಸರಣಿ) ಎಲ್ಲಿ ಬಂದಿದೆ ಎಂಬುದು ಗೆರೆಗಳ ಹೊಳಪಿನಿಂದಲೇ ತಿಳಿದೀತೆಂದು ಆ ವಯಸ್ಸಿನಲ್ಲಿ ನಂಬಿದ್ದೆ.

ಈ ಪ್ಲೇಟುಗಳ ಮೇಲೆ ನನಗಿರುವ ಪ್ರೀತಿಗೆ ಇನ್ನೊಂದು ಕಾರಣವಿದೆ. ಲೇಬಲಿನ ಮೇಲೆ ಗಾಯಕರ ಹೆಸರಿರುತ್ತದೆ, ರಾಗದ ಹೆಸರಿರುತ್ತದೆ, ಆದರೆ ಹಾರ್ಮೋನಿಯಂ ನುಡಿಸಿದವರ ಹೆಸರು ಬಹುಪಾಲು ಇರುವುದಿಲ್ಲ. 1940ರಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಕಾಶವಾಣಿಯಲ್ಲಿ ನಮ್ಮ ವಾದ್ಯಕ್ಕೆ ಪ್ರವೇಶವೇ ಇರಲಿಲ್ಲ. ಹೀಗಾಗಿ ಆ ಹಿಂದಿನ ಸಾಥಿಗಳು ಹೇಗೆ ಸ್ವರ ಹಿಡಿಯುತ್ತಿದ್ದರು, ಗಾಯಕರು ಉಸಿರು ತೆಗೆದುಕೊಳ್ಳುವಾಗ ಎಲ್ಲಿಯವರೆಗೆ ತುಂಬಿ ಎಲ್ಲಿ ಸುಮ್ಮನಾಗುತ್ತಿದ್ದರು ಎಂಬುದನ್ನು ಕಲಿಯಲು ನನಗೆ ಉಳಿದಿದ್ದ ಶಾಲೆ ಈ ಮೂರು ನಿಮಿಷದ ಪ್ಲೇಟುಗಳೇ. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ, ಅವರ ಬೆರಳುಗಳು ಮಾತ್ರ ಗೊತ್ತು.

ಪ್ರತಿದಿನ ಬೆಳಗಿನ ರಿಯಾಜಿಗೆ ಮುನ್ನ ಒಂದು ಪ್ಲೇಟು ಹಾಕುವುದು ನನ್ನ ರೂಢಿ. ಕೀಲಿ ಕೊಟ್ಟು, ಹೊಸ ಸೂಜಿ ತಿರುಚಿ, ಹಾರ್ಮೋನಿಯಂ ಎದುರಿಗಿಟ್ಟುಕೊಂಡು ಮೊದಲು ಪ್ಲೇಟಿನ ಷಡ್ಜವನ್ನು, ಅಂದರೆ ಹಾಡಿನ ಆಧಾರ ಸ್ವರವನ್ನು, ಹುಡುಕುತ್ತೇನೆ. ಒಂದು ವಹಿಯಲ್ಲಿ ಪ್ರತಿ ಪ್ಲೇಟಿನ ಸಂಖ್ಯೆ, ರಾಗ, ತಾಳ, ಪಟ್ಟಿ (ಷಡ್ಜ ಹಾರ್ಮೋನಿಯಂನ ಯಾವ ಮನೆಗೆ ಕೂಡುತ್ತದೆ ಎಂಬುದು) ಬರೆದಿಟ್ಟಿದ್ದೇನೆ. ಪಟ್ಟಿಯ ಅಂಕಣದಲ್ಲಿ ಸುಮಾರು ಮೂವತ್ತು ಕಡೆ ಪ್ರಶ್ನಾರ್ಥಕ ಚಿಹ್ನೆಗಳಿವೆ, ಮತ್ತು ವಯಸ್ಸಾದಂತೆ ಅವು ನನ್ನನ್ನು ಹೆಚ್ಚು ಕಾಡುತ್ತಿವೆ.

ನಾನು ಕೇಳುತ್ತಿರುವ ಪ್ಲೇಟು ಅವುಗಳಲ್ಲೊಂದು. ಲೇಬಲು ಬಹುತೇಕ ಅಳಿಸಿಹೋಗಿದೆ. ಮೈಕ್ ಬರುವ ಮೊದಲು ಕೊಂಬಿನ ಮುಂದೆ ಹಾಡಿದ ಕಾಲದ್ದು ಎಂಬುದು ಧ್ವನಿಯಿಂದಲೇ ಸ್ಪಷ್ಟ. ಒಬ್ಬ ಗಾಯಕಿ, ಭೈರವಿ, ಹಿಂದೆ ತಬಲಾ ಮತ್ತು ಹಾರ್ಮೋನಿಯಂ. 78ರ ವೇಗದಲ್ಲಿ ತಿರುಗಿಸಿದರೆ ಷಡ್ಜವು ಹಾರ್ಮೋನಿಯಂನ ಪಕ್ಕಪಕ್ಕದ ಮನೆಗಳಾದ ಬಿಳಿ ನಾಲ್ಕು ಮತ್ತು ಕರಿ ಮೂರರ ನಡುವೆ ನಿಲ್ಲುತ್ತದೆ. ವೇಗವನ್ನು 76ರ ಸುಮಾರಿಗೆ ಇಳಿಸಿದರೆ ಬಿಳಿ ನಾಲ್ಕಕ್ಕೆ ಕೂಡುತ್ತದೆ, 80ರ ಸುಮಾರಿಗೆ ಏರಿಸಿದರೆ ಕರಿ ಮೂರಕ್ಕೆ ಕೂಡುತ್ತದೆ. ಎರಡೂ ಕಿವಿಗೆ ಒಪ್ಪುತ್ತವೆ, ಆದರೆ ಎರಡರಲ್ಲಿ ಹಾಡುವ ಹೆಂಗಸು ಒಬ್ಬಳೇ ಅಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಪ್ರದರ್ಶನಕ್ಕೆಂದು ಹನ್ನೆರಡು ಪ್ಲೇಟುಗಳನ್ನು ಒಯ್ದು, ಒಂದರ ಮೇಲೊಂದು ಪೇರಿಸಿ ಕಿಟಕಿಯ ಬಿಸಿಲಿಗೆ ಬಿಟ್ಟಿದ್ದರು. ಮರಳಿ ಬಂದಾಗ ಮೂರರಲ್ಲಿ ಸೀಳು ಬಿದ್ದಿತ್ತು, ಇದೂ ಅವುಗಳಲ್ಲಿ ಒಂದು. ಸೀಳು ಲೇಬಲಿನ ಬದಿಯಿಂದ ಅರ್ಧ ಇಂಚು ಹೊರಗೆ ಬಂದಿರುವುದರಿಂದ, ಹಾಡು ಮುಗಿಯುತ್ತಿದ್ದಂತೆ ಸೂಜಿ ಎತ್ತಿಬಿಡುತ್ತೇನೆ.

ಈಗ ನನ್ನ ಶಿಷ್ಯನೊಬ್ಬ ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಡುವುದಾಗಿ ಬಂದಿದ್ದಾನೆ. ಎಲ್ಲವನ್ನೂ 78ಕ್ಕೆ ತಿರುಗಿಸಿ, ಸರಸರ ಸದ್ದನ್ನು ತೆಗೆದು ಇಟ್ಟುಬಿಡೋಣ ಎನ್ನುತ್ತಾನೆ. ತಪ್ಪು ಶ್ರುತಿಯಲ್ಲಿ ಕಾಯಂ ಆಗಿಬಿಟ್ಟರೆ ಮುಂದೆ ಕೇಳುವವರಿಗೆ ಆ ಕಂಠವೇ ತಪ್ಪಾಗಿ ತಲುಪುತ್ತದಲ್ಲ ಎಂಬುದು ನನ್ನ ಸಂಕಟ. ಹಳೆಯ ಪ್ಲೇಟಿನ ನಿಜವಾದ ವೇಗವನ್ನು ನೀವು ಹೇಗೆ ನಿರ್ಧರಿಸುತ್ತೀರಿ?


ಉತ್ತರ
ಪಿಟೀಲು ವಾದಕಿ, ಮೈಸೂರು

ತಮ್ಮ ಪ್ರಶ್ನೆ ಓದಿ ನನ್ನ ಗುರುಗಳ ಮನೆಯ ಪಡಸಾಲೆ ನೆನಪಾಯಿತು. ಮೊದಲು ತಮ್ಮ ಪ್ಲೇಟಿನ ವಿಚಾರ ಹೇಳುತ್ತೇನೆ.

ದಯವಿಟ್ಟು ಆ ಪ್ಲೇಟನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ದಾರಿ ಹುಡುಕಿ. 1902ರಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ನವೆಂಬರಿನಲ್ಲಿ ಧ್ವನಿಮುದ್ರಣ ಆರಂಭಿಸಿದಾಗ ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ನಮ್ಮ ಭಾಷೆ, ನಮ್ಮ ಹೆಸರುಗಳ ಪರಿಚಯವಿಲ್ಲದ ಅಲ್ಲಿಯವರಿಗೆ ಯಾವುದು ಯಾರ ಹಾಡೆಂದು ಗುರುತು ಸಿಗಲಿ ಎಂದು ಹಾಡುಗಾರರು ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಆದ ಮೇಲೂ ಆ ರೂಢಿ ಕೆಲವು ಕಾಲ ಉಳಿದಿತ್ತು. ಆ ಕಾಲದ ಹೆಸರಾಂತ ಗಾಯಕಿ ಗೌಹರ್ ಜಾನ್ ಅವರು ಹಾಡಿನ ತುದಿಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವುದು ಸಂಗ್ರಾಹಕರಿಗೆಲ್ಲ ಬಾಯಿಪಾಠವಾಗಿರುವ ಮಾತು. ನಾಲ್ವಡಿಯವರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಅವರು ಕಣ್ಮುಚ್ಚಿದ್ದು ನಮ್ಮ ಮೈಸೂರಿನಲ್ಲೇ. ಆ ಕಾರಣಕ್ಕೋ ಏನೋ, ಅವರ ಆ ಕೂಗನ್ನು ಕೇಳಿದಾಗಲೆಲ್ಲ ನಮ್ಮ ಊರಿನವರೇ ಕರೆದಂತೆ ನನಗೆ ಅನಿಸುತ್ತದೆ.

ಹಾಡು ಯಾವ ಶ್ರುತಿಯಲ್ಲಾದರೂ ಹಾಡಬಹುದು, ಹಾಗಾಗಿ ಹಾಡಿನಿಂದ ವೇಗ ತಿಳಿಯುವುದು ಕಷ್ಟ. ಮಾತಿಗೆ ಆ ಸ್ವಾತಂತ್ರ್ಯವಿಲ್ಲ. ವೇಗ ಹೆಚ್ಚಾದರೆ ಮಾತು ಗಿಣಿಯದ್ದಾಗುತ್ತದೆ, ಕಡಿಮೆಯಾದರೆ ನಾಲಗೆ ದಪ್ಪವಾದಂತೆ ಕೇಳುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಕೊಂಬಿನೊಳಗೆ ಕೂಗಿ ಹೇಳುತ್ತಿದ್ದ ಕಾರಣ ಮಾತಿನ ಎತ್ತರ ಸಹಜಕ್ಕಿಂತ ಮೇಲಿರುತ್ತದೆ. ಆದುದರಿಂದ ಎತ್ತರವನ್ನು ಬಿಟ್ಟು ವ್ಯಂಜನಗಳ ಮೇಲೆ ಕಿವಿಯಿಡಿ. ಒತ್ತಕ್ಷರಗಳು, ಮಹಾಪ್ರಾಣಗಳು ಬಾಯಿಂದ ಹೊರಡಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ತೆಗೆದುಕೊಳ್ಳುತ್ತಿವೆಯೇ ಎಂದು ನೋಡಿದರೆ 76 ಯಾವುದು, 80 ಯಾವುದು ಎಂಬುದು ತಾನಾಗಿ ಬೇರೆಯಾಗುತ್ತದೆ.

ನಮ್ಮ ವಾದ್ಯದ ಪ್ಲೇಟುಗಳಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಪಿಟೀಲಿನ ಬಿಡಿ ತಂತಿಯನ್ನು ನುಡಿಸಿದಾಗ ಬರುವ ಬಿಚ್ಚು ನಾದ ಬೆರಳಿಟ್ಟ ಸ್ವರಕ್ಕೆ ಬರುವುದಿಲ್ಲ. ಹೀಗಾಗಿ ತಂತಿಗಳನ್ನು ಯಾವ ಬಿಗಿತಕ್ಕೆ ಏರಿಸಿದ್ದಾರೆ ಎಂದು ಊಹಿಸಬಹುದು. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಪ್ಲೇಟುಗಳನ್ನು ನಾನು ಹೀಗೆಯೇ ಹೊಂದಿಸಿಕೊಳ್ಳುತ್ತೇನೆ.

ನನ್ನ ಗುರುಗಳಲ್ಲಿದ್ದ ಒಂದು ಕಾಂಭೋಜಿಯ ಪ್ಲೇಟು ಈಗ ನನ್ನ ಬಳಿ ಇದೆ. ಅದನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಕಪ್ಪು ಮೈಯ ನಡುವೆ, ಬಳೆಯಷ್ಟು ಸುತ್ತಳತೆಯಲ್ಲಿ, ದಾರದೆಳೆಯಷ್ಟು ಅಗಲದ ಬೂದು ಬಣ್ಣದ ಉಂಗುರ ಕಾಣುತ್ತದೆ. ಅವರು ಹುಡುಗರಾಗಿದ್ದಾಗ ಒಂದು ಸಂಗತಿಯನ್ನು (ಕೃತಿಯ ಸಾಲೊಂದನ್ನು ಬದಲಿಸಿ ನುಡಿಸುವ ಬಗೆಯನ್ನು) ಕಲಿಯಲು ಸೂಜಿಯನ್ನು ಅದೇ ಜಾಗಕ್ಕೆ ಎತ್ತಿ ಎತ್ತಿ ಇಟ್ಟು ಉಕ್ಕಿನ ಸೂಜಿ ಗೆರೆಯನ್ನು ಸವೆಸಿದ ಗುರುತು ಅದು. ಅಲ್ಲಿಗೆ ಬಂದಾಗ ಸಂಗೀತ ಹತ್ತು ಸೆಕೆಂಡು ಮರಳಿನಲ್ಲಿ ಮುಳುಗುತ್ತದೆ. ಆ ಹತ್ತು ಸೆಕೆಂಡನ್ನು ಅವರು ನನಗೆ ಕೈಯಲ್ಲಿ ಹೇಳಿಕೊಟ್ಟಿದ್ದಾರೆ. ಪ್ಲೇಟಿನಲ್ಲಿ ಈಗ ಇಲ್ಲದ ಸಂಗತಿ ನನ್ನ ಬಿಲ್ಲಿನಲ್ಲಿದೆ.

ಒಂದು ಭಿನ್ನಾಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಪ್ಲೇಟುಗಳನ್ನು ತಾವು ಶಾಲೆ ಎಂದಿರಿ. ಹತ್ತಿಂಚಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುವುದು ಮೂರು ನಿಮಿಷ ಚಿಲ್ಲರೆ. ಅದಕ್ಕಾಗಿ ವಿದ್ವಾಂಸರು ಒಂದು ಸಾಲನ್ನು ಬೆಳೆಸಿ ಹಾಡುವ ನೆರವಲನ್ನು ಬಿಟ್ಟರು, ಅಲ್ಲಿಯೇ ಸ್ವರ ಹೆಣೆಯುವ ಕಲ್ಪನಾಸ್ವರವನ್ನು ಎರಡು ಆವರ್ತಕ್ಕೆ ಇಳಿಸಿದರು, ಕಾಲಪ್ರಮಾಣವನ್ನು ಸ್ವಲ್ಪ ಏರಿಸಿದರು. ಪ್ಲೇಟಿನ ಕಾಲಪ್ರಮಾಣವನ್ನೇ ಅವರ ಕಚೇರಿಯ ನಡೆ ಎಂದು ತಿಳಿದು ಎಷ್ಟೋ ಮಂದಿ ಕೃತಿಗಳನ್ನು ಅವಸರದಲ್ಲಿ ಕಲಿತಿದ್ದಾರೆ, ನಾನೂ ಕಲಿತಿದ್ದೆ.


ಉತ್ತರ
ಧ್ವನಿಮುದ್ರಣ ತಂತ್ರಜ್ಞ, ಸಿತಾರ್ ವಿದ್ಯಾರ್ಥಿ, ಬೆಂಗಳೂರು

ಪಿಟೀಲು ವಾದಕಿಯವರು ಹೇಳಿದ ಮಾತಿನ ಪರೀಕ್ಷೆಯೇ ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು. ಅದನ್ನು ಮಾಡುವ ಬಗೆಯನ್ನೂ, ನಿಮ್ಮ ಶಿಷ್ಯರಿಗೆ ತಿಳಿಸಬೇಕಾದ ಕೆಲವು ವಿಷಯಗಳನ್ನೂ ಬರೆಯುತ್ತೇನೆ.

ಕೀಲಿಯ ಗ್ರಾಮಾಫೋನಿನ ಸೌಂಡ್‌ಬಾಕ್ಸು ಪ್ಲೇಟಿನ ಮೇಲೆ ನೂರು ಗ್ರಾಂಗಿಂತ ಹೆಚ್ಚು ಭಾರ ಹೇರುತ್ತದೆ. ಸೀಳಿರುವ ಜಾಗದಲ್ಲಿ ಆ ಭಾರ ತುಂಡನ್ನೇ ಎಬ್ಬಿಸೀತು ಎಂಬ ನಿಮ್ಮ ಭಯ ಸರಿಯಾದದ್ದೇ. ಈಗಿನ ವಿದ್ಯುತ್ ಪಿಕಪ್ಪುಗಳು ಕೆಲವೇ ಗ್ರಾಂ ಭಾರದಲ್ಲಿ ಓಡುತ್ತವೆ, ಕೂದಲೆಳೆಯ ಸೀಳನ್ನು ಟಕ್ ಎಂಬ ಸದ್ದಿನೊಂದಿಗೆ ದಾಟಿ ಹೋಗುತ್ತವೆ. ಆದರೆ ಎಲ್‌ಪಿಗೆ ಬಳಸುವ ಸೂಜಿಯನ್ನು ಇದಕ್ಕೆ ಹಾಕಬೇಡಿ. 78ರ ಗೆರೆ ಅಗಲವಾದದ್ದು, ಅದಕ್ಕೆ ಇಂಚಿನ ಸಾವಿರದಲ್ಲಿ ಮೂರು ಭಾಗದಷ್ಟು ಮೊನೆಯ ಸೂಜಿ ಬೇಕು. ಎಲ್‌ಪಿಯ ಸೂಜಿ ಅದರ ಮೂರನೆಯ ಒಂದು ಭಾಗ ಅಥವಾ ಇನ್ನೂ ಚಿಕ್ಕದಿರುವುದರಿಂದ ಗೆರೆಯ ತಳಕ್ಕೆ ಇಳಿದು, ಎಂಬತ್ತು ವರ್ಷದಿಂದ ಅಲ್ಲಿ ಕೂತಿರುವ ಧೂಳನ್ನು ಓದುತ್ತದೆ. ಎಷ್ಟೋ ಜನ ಹಳೆಯ ಪ್ಲೇಟೆಂದರೆ ಬರೀ ಸರಸರ ಎಂದುಕೊಳ್ಳಲು ಈ ತಪ್ಪು ಸೂಜಿಯೇ ಕಾರಣ.

ವೇಗದ ಲೆಕ್ಕ ಹೀಗಿದೆ. ವೇಗ ನೂರಕ್ಕೆ ಸುಮಾರು ಆರರಷ್ಟು ಬದಲಾದರೆ ಶ್ರುತಿ ಒಂದು ಪಟ್ಟಿ ಸರಿಯುತ್ತದೆ. ನಿಮ್ಮ ಪ್ಲೇಟು ಎರಡು ಪಟ್ಟಿಗಳ ನಡುವೆ ಇರುವುದರಿಂದ ಬಿಳಿ ನಾಲ್ಕಕ್ಕೆ 75.8, ಕರಿ ಮೂರಕ್ಕೆ 80.3 ಬರುತ್ತದೆ, ನಿಮ್ಮ ಕಿವಿ ಹೇಳಿದ್ದೂ ಅದನ್ನೇ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನಿಮ್ಮ ಎದುರಿಗಿರುವ ಹಾರ್ಮೋನಿಯಂ ಇಂದಿನ 440ರ ಶ್ರುತಿಯ ಅಳತೆಗೆ (ಸೆಕೆಂಡಿಗೆ 440 ಕಂಪನ) ಕೂಡಿಸಿದ್ದಾಗಿರಬಹುದು. ಆ ಕಾಲದಲ್ಲಿ ಫ್ರಾನ್ಸಿನ ಅಳತೆ 435 ಇತ್ತು, ನಮ್ಮ ಒಳ್ಳೆಯ ಹಾರ್ಮೋನಿಯಂ ಪೆಟ್ಟಿಗೆಗಳಿಗೆ ಪ್ಯಾರಿಸ್ಸಿನ ರೀಡುಗಳೇ ಬರುತ್ತಿದ್ದವು. ಪ್ಲೇಟಿನಲ್ಲಿರುವ ಹಾರ್ಮೋನಿಯಂ ಅಂಥದ್ದಾಗಿದ್ದರೆ ಎರಡು ಉತ್ತರಗಳೂ ಒಂದೊಂದು ಸುತ್ತು ಕೆಳಗಿಳಿದು 75 ಮತ್ತು 79ರ ಹತ್ತಿರ ಬರುತ್ತವೆ. ಹೀಗಾಗಿ ಪೆಟ್ಟಿಗೆಗೆ ಕರಾರುವಾಕ್ಕಾಗಿ ಕೂಡಲೇಬೇಕೆಂದು ಹಟ ಹಿಡಿಯಬೇಡಿ. ಹಾರ್ಮೋನಿಯಂ ನಿಮಗೆ ಎರಡು ಬಾಗಿಲು ತೋರಿಸಿದೆ, ಯಾವುದನ್ನು ತೆರೆಯಬೇಕೆಂದು ಮಾತು ಹೇಳುತ್ತದೆ.

ವೇಗ ಅಳೆಯಲು ಯಂತ್ರವೇನೂ ಬೇಕಿಲ್ಲ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಬಿಳಿ ರಟ್ಟಿನ ಬಿಲ್ಲೆಯೊಂದರ ಅಂಚಿಗೆ ಸಮ ಅಂತರದಲ್ಲಿ 77 ಕಪ್ಪು ಗೆರೆ ಎಳೆದು ಪ್ಲೇಟಿನ ಮೇಲಿಟ್ಟರೆ, ವೇಗ 78ಕ್ಕೆ ಬಂದಾಗ ಗೆರೆಗಳು ನಿಂತಂತೆ ಕಾಣುತ್ತವೆ. 79 ಗೆರೆ ಎಳೆದರೆ 76ಕ್ಕೆ, 80 ಗೆರೆ ಎಳೆದರೆ ಸರಿಯಾಗಿ 75ಕ್ಕೆ, 75 ಗೆರೆ ಎಳೆದರೆ 80ಕ್ಕೆ ನಿಲ್ಲುತ್ತವೆ. ಎಲ್‌ಪಿಗೆ 180 ಗೆರೆ. ಹಳೆಯ ಬಲ್ಬು ಅಥವಾ ನಿಯಾನ್ ದೀಪ ಬೇಕು. ಅನೇಕ ಎಲ್‌ಇಡಿ ದೀಪಗಳು ಹೀಗೆ ಮಿನುಗುವುದಿಲ್ಲ. ಪ್ಲೇಟಿನ ಆರಂಭದಲ್ಲೂ ಕೊನೆಯಲ್ಲೂ ಷಡ್ಜವನ್ನು ಹೋಲಿಸಿ ನೋಡುವುದನ್ನು ಮರೆಯಬೇಡಿ. ಆಗಿನ ಮುದ್ರಣ ಯಂತ್ರಗಳ ವೇಗ ಕೆಲವೊಮ್ಮೆ ಬದಿ ಮುಗಿಯುವುದರೊಳಗೇ ಬದಲಾಗುತ್ತಿತ್ತು.

ತೊಳೆಯುವ ವಿಚಾರದಲ್ಲಿ ನನ್ನ ಕೈಯಿಂದಾದ ಒಂದು ಅನಾಹುತವನ್ನು ಹೇಳಲೇಬೇಕು. ಇಪ್ಪತ್ತರ ವಯಸ್ಸಿನಲ್ಲಿ ಟೇಪ್ ರೆಕಾರ್ಡರಿನ ಹೆಡ್ಡು ಒರೆಸುವ ಸ್ಪಿರಿಟ್ಟಿನಿಂದಲೇ ನಾನು ಒಂದು ನಾಟಕದ ಪದಗಳ ಪ್ಲೇಟನ್ನು ಒರೆಸಿದೆ. ಹತ್ತಿ ಕಪ್ಪಾಯಿತು, ಕೊಳೆ ಬಿಡುತ್ತಿದೆ ಎಂದು ಸಂತೋಷಪಟ್ಟು ಇನ್ನೂ ಒತ್ತಿ ಒರೆಸಿದೆ. ಬಿಡುತ್ತಿದ್ದದ್ದು ಪ್ಲೇಟೇ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಬಡಗಿಗಳು ಪಾಲಿಶ್ ಮಾಡಿಕೊಳ್ಳುವುದೂ ಹಾಗೆಯೇ. ನಮ್ಮ ಕಾಡಿನ ಮರಗಳ ಮೇಲೆ ಹುಳು ಕಟ್ಟಿದ ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಮಾಡಿದ ವಸ್ತು ಅದೆಂಬುದು ನನಗೆ ಅಂದು ತಿಳಿದಿರಲಿಲ್ಲ. ಶುದ್ಧೀಕರಿಸಿದ ನೀರಿಗೆ ಎರಡು ಹನಿ ಸೌಮ್ಯ ಸಾಬೂನು ಹಾಕಿ, ಲೇಬಲಿಗೆ ತಾಗದಂತೆ ಗೆರೆಯ ದಿಕ್ಕಿನಲ್ಲೇ ಮೃದು ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಬೇಕು. ಮಳೆಗಾಲದಲ್ಲಿ ಬರುವ ಬೂಷ್ಟಿಗೂ ಇದೇ ಮದ್ದು. ಅರಗಾಗಲಿ ವಿನೈಲ್ ಆಗಲಿ ಪ್ಲೇಟುಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು.

ನಿಮ್ಮ ಶಿಷ್ಯರಿಗೆ ನನ್ನ ವಿನಂತಿ ಇಷ್ಟೇ. ಮೊದಲು ಏನನ್ನೂ ಅಳಿಸದೆ, ಸದ್ದು ಸಮೇತ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿಕೊಂಡು ಆ ಮೂಲವನ್ನು ಮುಟ್ಟದೆ ಇಡಲಿ. ಕಡತದ ಹೆಸರಿನಲ್ಲೇ ಯಾವ ವೇಗ, ಯಾವ ಸೂಜಿ ಎಂದು ಬರೆಯಲಿ. ವೇಗ ತಪ್ಪಿದ್ದರೆ ಮುಂದೆ ಯಾರಾದರೂ ತಿದ್ದಬಹುದು, ಆದರೆ ಸರಸರದ ಜೊತೆಗೆ ಅಳಿಸಿಹೋದ ತಂಬೂರಿಯನ್ನು ಯಾರೂ ಮರಳಿ ತರಲಾರರು.


ಉತ್ತರ
ಖ್ಯಾಲ್ ಗಾಯಕಿ, ಪುಣೆ (ಮೂಲ ಊರು ಕುಂದಗೋಳ)

ಕಂಠವನ್ನು ನೋಡಿ ವೇಗ ನಿರ್ಧರಿಸಲು ಹೊರಟರೆ ಆಗುವ ಒಂದು ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು ಎನಿಸಿತು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಗೆ ಹಾಡಿದ ಪ್ಲೇಟುಗಳ ಮೇಲೆ ಗಾಂಧಾರಿ ಹುಬ್ಬಳ್ಳಿ ಎಂಬ ಹೆಸರಿದೆ. ಅವುಗಳಲ್ಲಿರುವುದು ತೆಳುವಾದ, ಎತ್ತರದ, ಹುಡುಗಿಯ ಕಂಠ. ಗಂಟಲಿನ ತೊಂದರೆಯಾದ ಮೇಲೆ ಬಂದ ಆ ಗಂಭೀರ, ಘನವಾದ ದನಿಯನ್ನಷ್ಟೇ ಬಲ್ಲವರು ಈ ಪ್ಲೇಟು ಕೇಳಿದರೆ ವೇಗ ಹೆಚ್ಚಾಗಿದೆ ಎಂದೇ ಭಾವಿಸುತ್ತಾರೆ. ನಾನು ಹದಿನೆಂಟರಲ್ಲಿ ಹಾಗೆಯೇ ಭಾವಿಸಿ, ಯಂತ್ರದ ವೇಗವನ್ನು ತಗ್ಗಿಸಿ ತಗ್ಗಿಸಿ, ಕೊನೆಗೆ ನನಗೆ ಪರಿಚಯವಿದ್ದ ಗಂಗೂಬಾಯಿಯವರನ್ನು ಅದರೊಳಗಿಂದ ಹೊರಡಿಸಿದೆ. ತಬಲಾ ಮಡಕೆಯಂತೆ ಕೇಳಿದಾಗ ತಪ್ಪು ಅರಿವಾಯಿತು. ಆ ಹುಡುಗಿಯ ಕಂಠ ಈಗ ಜಗತ್ತಿನಲ್ಲಿ ಇರುವುದು ಆ ಕೆಲವು ಪ್ಲೇಟುಗಳಲ್ಲಿ ಮಾತ್ರ, ಅದನ್ನು ನಮ್ಮ ನೆನಪಿಗೆ ಹೊಂದಿಸಲು ಹೋದರೆ ಅವರನ್ನೇ ಕಳೆದುಕೊಳ್ಳುತ್ತೇವೆ.

ನನ್ನ ಸಂಗ್ರಹ ಬಹುಪಾಲು ವಿನೈಲ್. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ತಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಸಿಕ್ಕಿತು. ನಮ್ಮ ನಿಧಾನಗತಿಯ ವಿಲಂಬಿತ್ ಖ್ಯಾಲಿಗೆ ಕೊನೆಗೂ ಕಾಲು ಚಾಚಲು ಜಾಗವಾಯಿತು. 1960ರಲ್ಲಿ ಬಂದ ಖ್ಯಾಲ್ ಗಾಯಕ ಉಸ್ತಾದ್ ಅಮೀರ್ ಖಾನರ ಎಲ್‌ಪಿಯ ಒಂದು ಬದಿ ಮಾರವಾ, ಇನ್ನೊಂದು ಬದಿ ದರಬಾರಿ. ಮಾರವಾದಲ್ಲಿ ಅವರು ಷಡ್ಜಕ್ಕೆ ಬಂದು ನಿಲ್ಲುವುದನ್ನು ಎಷ್ಟು ಹೊತ್ತು ಮುಂದೂಡುತ್ತಾರೆ ಎಂಬುದನ್ನು 78ರ ಪ್ಲೇಟಿನಲ್ಲಿ ತೋರಿಸಲು ಸಾಧ್ಯವೇ ಇರಲಿಲ್ಲ. ಆ ಎಲ್‌ಪಿಯನ್ನು ನನಗೆ ಕೊಟ್ಟದ್ದು ನನ್ನ ಸೋದರಮಾವ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ರಾತ್ರಿಯಲ್ಲಲ್ಲದೆ ಹಾಕಿಲ್ಲ, ಮಾರವಾದ ಬದಿಯನ್ನು ಮಾತ್ರ ಸಂಜೆಗೆ ಬಿಡುತ್ತೇನೆ.

ಆದರೆ ಎಲ್‌ಪಿಯಲ್ಲಿ ಹಾಡುಗಾರರಿಗೆ ಮಾತ್ರ ನೋವುಂಟುಮಾಡುವ ಒಂದು ಕೊರತೆಯಿದೆ. ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಗೆರೆ ಹಾದುಹೋಗುತ್ತದೆ, ಲೇಬಲಿನ ಹತ್ತಿರ ಅದರ ಅರ್ಧಕ್ಕೂ ಕಡಿಮೆ. ಒಳಗೆ ಹೋದಂತೆ ಅಷ್ಟೇ ಧ್ವನಿಯನ್ನು ಕಡಿಮೆ ಜಾಗದಲ್ಲಿ ಒತ್ತಬೇಕಾಗುವುದರಿಂದ ಅದು ಒಡೆಯತೊಡಗುತ್ತದೆ. ನಮ್ಮ ಪದ್ಧತಿಯಲ್ಲಿ ನಿಧಾನವಾದ ಆಲಾಪ ಮೊದಲು, ದ್ರುತದ ತಾನುಗಳು ಕೊನೆಗೆ. ಅಂದರೆ ಸ್ವರಗಳು ಅತಿ ದಟ್ಟವಾಗಿ ಬರುವ ಭಾಗವೇ ತಟ್ಟೆಯ ಅತಿ ಇಕ್ಕಟ್ಟಾದ ಜಾಗಕ್ಕೆ ಬೀಳುತ್ತದೆ. ಹಳೆಯ ಎಲ್‌ಪಿ ಕೊಳ್ಳುವಾಗ ನಾನು ಮೊದಲು ಸೂಜಿಯನ್ನು ಕೊನೆಯ ಅರ್ಧ ಇಂಚಿಗೆ ಇಟ್ಟು ಅಲ್ಲಿಯ ತಾನು ಬಿಡಿಬಿಡಿಯಾಗಿ ಕೇಳುತ್ತಿದೆಯೇ ಎಂದು ನೋಡಿಕೊಳ್ಳುತ್ತೇನೆ. ಅದು ಸರಿಯಿದ್ದರೆ ಉಳಿದದ್ದು ಸರಿಯಿದ್ದೇ ಇರುತ್ತದೆ. ನಡುವಿನ ರಂಧ್ರ ಕೂದಲಿನಷ್ಟು ಪಕ್ಕಕ್ಕೆ ಸರಿದಿದ್ದರೂ ಪ್ರತಿ ಸುತ್ತಿಗೆ ಷಡ್ಜ ತೂಗಾಡುತ್ತದೆ. ಅಂಥದ್ದನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ತಂಬೂರಿಯ ಮುಂದೆ ಬೆಳೆದ ಕಿವಿ ಸಹಿಸುವುದಿಲ್ಲ.

ಬಿಳಿ ನಾಲ್ಕೋ ಕರಿ ಮೂರೋ ಎಂದು ತಿಳಿದ ಮೇಲೆ ದಯವಿಟ್ಟು ಇಲ್ಲಿ ಬರೆಯಿರಿ, ಕಾದಿರುತ್ತೇನೆ.


ಪ್ರಶ್ನೆ ಕೇಳಿದವರಿಂದ
ಹಾರ್ಮೋನಿಯಂ ಸಾಥಿ, ಧಾರವಾಡ

ಮೂವರಿಗೂ ಕೈಮುಗಿದು ಬರೆಯುತ್ತಿದ್ದೇನೆ. ಕಳೆದ ಭಾನುವಾರ ಶಿಷ್ಯ ತನ್ನ ಟರ್ನ್‌ಟೇಬಲ್ಲಿಗೆ 78ರ ಸೂಜಿ ತರಿಸಿಕೊಂಡು ಬಂದ. ಮೊಮ್ಮಗಳು ತನ್ನ ಕೋನಮಾಪಕ ತೆಗೆದುಕೊಂಡು ಕೂತು 75, 79, 80 ಗೆರೆಗಳ ಮೂರು ಬಿಲ್ಲೆಗಳನ್ನು ಎಳೆದುಕೊಟ್ಟಳು. ಅಡುಗೆಮನೆಯ ಹಳೆಯ ಬಲ್ಬನ್ನು ನಡುಕೋಣೆಗೆ ತಂದು ಹಾಕಿದೆವು.

ಮೊದಲು 80ಕ್ಕೆ ನಿಲ್ಲಿಸಿ ಕೇಳಿದೆವು. ಹಾಡು ಚೆನ್ನಾಗಿಯೇ ಇತ್ತು. ಸೂಜಿ ಸೀಳಿನ ಹತ್ತಿರ ಬಂದಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು, ಶಿಷ್ಯ ಅದನ್ನು ಹಿಡಿದುಕೊಂಡ. ಸೂಜಿ ಟಕ್ ಎಂದು ಸೀಳನ್ನು ದಾಟಿತು, ಮತ್ತೆ ಟಕ್ ಎಂದಿತು, ಆಮೇಲೆ ಆ ಸದ್ದುಗಳ ನಡುವೆ ಒಬ್ಬ ಹೆಂಗಸು ಅವಸರವಸರವಾಗಿ ಏನನ್ನೋ ಕೂಗಿದಳು. ಈ ಪ್ಲೇಟು ನನ್ನ ಬಳಿ ಮೂವತ್ತೊಂದು ವರ್ಷಗಳಿಂದ ಇದೆ. ಸೀಳು ಬೀಳುವ ಮೊದಲೂ ಕೊನೆಯ ಸುತ್ತುಗಳ ಗೊರಗೊರ ಸದ್ದಿಗೆ ಬೇಸತ್ತು ಸೂಜಿ ಎತ್ತುತ್ತಿದ್ದೆನೇ ಹೊರತು ಆ ದನಿಯನ್ನು ಕೇಳಿರಲೇ ಇಲ್ಲ.

76ಕ್ಕೆ ಇಳಿಸಿದಾಗ ಅವಸರ ಕಡಿಮೆಯಾಯಿತು. 80 ಗೆರೆಯ ಬಿಲ್ಲೆ ಇಟ್ಟು 75ಕ್ಕೆ ತಂದಾಗ, ಮೈಸೂರಿನವರು ಹೇಳಿದಂತೆ ವ್ಯಂಜನಗಳಿಗೆ ಉಸಿರು ಬಂತು. ಹೆಸರಿನ ಮೊದಲ ಭಾಗ ಸೀಳಿನ ಸದ್ದಿನಲ್ಲಿ ಹೋಗಿದೆ, ಬಾಯಿ ಎಂಬುದು ಸ್ಪಷ್ಟವಾಗಿ ಕೇಳುತ್ತದೆ, ಅದರ ಹಿಂದೆಯೇ, ಕೂಗು ಮುಗಿದ ಮೇಲೆ, ತಬಲಾದ ಮೇಲೆ ಯಾರೋ ಬೆರಳಿನಿಂದ ಒಂದು ಸಣ್ಣ ಪೆಟ್ಟು ಕೊಟ್ಟಿದ್ದಾರೆ. ನನ್ನ ಪೆಟ್ಟಿಗೆಯ ಬಿಳಿ ನಾಲ್ಕಕ್ಕಿಂತ ಷಡ್ಜ ಒಂದೆಳೆ ಕೆಳಗಿದೆ, ಬೆಂಗಳೂರಿನವರು ಹೇಳಿದ 435ರ ಲೆಕ್ಕಕ್ಕೆ ಹತ್ತಿರವಾಗಿ.

ಆ ವೇಗದಲ್ಲಿ ಹಾರ್ಮೋನಿಯಂ ನುಡಿಸಿದವರ ಕೈಯೂ ಬೇರೆಯಾಗಿ ಕೇಳಿತು. ಹಾಡಿನ ಎರಡನೆಯ ಭಾಗವಾದ ಅಂತರಾ ಮುಗಿಸಿ ಗಾಯಕಿ ಮುಖಡಾಕ್ಕೆ, ಅಂದರೆ ಮೊದಲ ಸಾಲಿಗೆ, ಮರಳುವಾಗ ಅವರು ಕೋಮಲ ಋಷಭದ ಮೇಲೆ ಒಂದು ಕ್ಷಣ ಕಾದು, ಅವಳು ಷಡ್ಜಕ್ಕೆ ಬಂದ ಮೇಲೆಯೇ ತಾವು ಬರುತ್ತಾರೆ. 78ರಲ್ಲಿ ಆ ಕಾಯುವಿಕೆ ನನಗೆ ತಡವರಿಕೆಯಂತೆ ಕೇಳುತ್ತಿತ್ತು.

ಎಲ್ಲ ಪ್ಲೇಟುಗಳನ್ನೂ ಅಳಿಸದೆ, ಸದ್ದು ಸಮೇತವೇ ಇಳಿಸಲು ಶಿಷ್ಯ ಒಪ್ಪಿದ್ದಾನೆ. ಭಾನುವಾರಕ್ಕೆ ನಾಲ್ಕರಂತೆ ಎಂದು ಗೊತ್ತುಮಾಡಿಕೊಂಡಿದ್ದೇವೆ. ವಹಿಯಲ್ಲಿ ಈ ಪ್ಲೇಟಿನ ಎದುರು ಪ್ರಶ್ನಾರ್ಥಕ ಚಿಹ್ನೆ ಹೊಡೆದುಹಾಕಿ, ಬಿಳಿ ನಾಲ್ಕು, ಒಂದೆಳೆ ಕೆಳಗೆ, ವೇಗ 75 ಎಂದು ಬರೆದಿದ್ದೇನೆ. ಮುಂದಿನ ವಾರ ಇನ್ನೊಂದು ಸೀಳಿದ ಪ್ಲೇಟನ್ನು ಹಾಕುತ್ತೇವೆ, ಅದರ ಕೊನೆಯನ್ನೂ ನಾನು ಕೇಳಿಲ್ಲ.